ತಾಸು ಸಮ, ನೀರು ಅರ್ಧ: ಹೊಲಗಾಲುವೆಯ ಕೊನೆಯ ರೈತರ ಪಾಳಿ ಲೆಕ್ಕ

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕು, ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟು. ಒಂದೇ ತೂಬಿನ ಕೆಳಗೆ 22 ರೈತರ 96 ಎಕರೆ ಇದೆ, ಎಲ್ಲವೂ ಎರೆಭೂಮಿ. ಮಣ್ಣಿನ ಹೊಲಗಾಲುವೆ 1,400 ಮೀಟರ್ ಉದ್ದ. ನನ್ನ 4 ಎಕರೆ ಕಟ್ಟಕಡೆಗೆ. ಜಗಳ ಸಾಕೆಂದು ಹೋದ ವರ್ಷ ಎಲ್ಲರೂ ಕೂತು ಎಕರೆಗೆ 1 ತಾಸು 45 ನಿಮಿಷದಂತೆ ವಾರಬಂದಿ (ವಾರಕ್ಕೊಮ್ಮೆ ಸುತ್ತಿ ಬರುವ ನೀರಿನ ಪಾಳಿ) ಮಾಡಿಕೊಂಡೆವು. ಕೊನೆಯವರಿಗೆ ಅನ್ಯಾಯ ಆಗಬಾರದೆಂದು ಸೋಮವಾರ ಬೆಳಿಗ್ಗೆ 6ಕ್ಕೆ ನನ್ನಿಂದಲೇ ಪಾಳಿ ಶುರುವಾಗಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಆದರೂ ನನ್ನ 7 ತಾಸಿನಲ್ಲಿ ಎರಡು ಎಕರೆ ನೆನೆದರೆ ಹೆಚ್ಚು. ತೂಬು ತೆರೆದ ಮೇಲೆ ನೀರು ನನ್ನ ಮಡೆಗೆ (ಕಾಲುವೆಯಿಂದ ಹೊಲಕ್ಕೆ ನೀರು ತಿರುಗಿಸುವ ಬಾಯಿಗೆ) ಮುಟ್ಟಲು ಪೌಣೆ ಎರಡು ತಾಸು ಬೇಕು. ಅಳತೆ ಮಾಡಿಸಿದಾಗ ಸೆಕೆಂಡಿಗೆ ತೂಬಿನ ಬಳಿ 28 ಲೀಟರ್, ನಡುಭಾಗದಲ್ಲಿ 22, ನನ್ನಲ್ಲಿ 16 ಬಂತು. ಮೇಲಿನ ಕೆಲವರು ಭತ್ತ ಹಾಕಿದ್ದಾರೆ. ತೂಬಿನ ಪೈಪು ದೊಡ್ಡದು ಮಾಡೋಣ ಎನ್ನುವವರಿದ್ದಾರೆ, ಕಾಂಕ್ರೀಟ್ ಹಾಕಿಸೋಣ ಎನ್ನುವವರಿದ್ದಾರೆ, ಪೈಪ್‌ಲೈನ್ ಎನ್ನುವವರೂ ಇದ್ದಾರೆ. ಯಾವುದು ಸರಿ?

ಉತ್ತರ: ನಿಮ್ಮಲ್ಲಿ ಯಾರೋ ನೀರು ಕದಿಯುತ್ತಿದ್ದಾರೆ ಎಂಬ ಅನುಮಾನ ಪ್ರಶ್ನೆಯ ಹಿಂದೆ ಕಾಣುತ್ತದೆ. ಕದಿಯುತ್ತಿರಲೂಬಹುದು. ಆದರೆ ನೀವು ಕೊಟ್ಟ ಅಂಕಿಗಳನ್ನೇ ಇಟ್ಟು ನೋಡಿದರೆ, ಕಳ್ಳತನ ಒಂದಿಷ್ಟೂ ಇಲ್ಲದಿದ್ದರೂ ನಿಮಗೆ ಅರ್ಧಕ್ಕಿಂತ ಕಡಿಮೆ ನೀರೇ ಬರುತ್ತದೆ. ಏಕೆಂದರೆ ನೀವು 22 ಜನ ಹಂಚಿಕೊಂಡಿರುವುದು ತಾಸನ್ನು, ನೀರನ್ನಲ್ಲ.

ಮೊದಲು ನಿಮ್ಮ ಪಟ್ಟಿಯನ್ನೇ ನೋಡಿ. 96 ಎಕರೆಗೆ 1 ತಾಸು 45 ನಿಮಿಷದಂತೆ ಗುಣಿಸಿದರೆ ಸರಿಯಾಗಿ 168 ತಾಸು, ಅಂದರೆ ಇಡೀ ವಾರ. ವಾರದ ಎಲ್ಲ ತಾಸನ್ನೂ ಎಕರೆಗೆ ಹಂಚಿಬಿಟ್ಟ ಮೇಲೆ ಖಾಲಿ ಕಾಲುವೆ ತುಂಬಲು ಹಿಡಿಯುವ ಸಮಯ ಯಾರ ಲೆಕ್ಕಕ್ಕೆ? ಸದ್ಯ ಅದು ಪೂರ್ತಿ ನಿಮ್ಮ ತಲೆಗೆ ಬಂದಿದೆ. ಕೆಳಗಿನಿಂದ ಮೇಲಕ್ಕೆ ಪಾಳಿ ಹೋಗುವುದರಿಂದ ಭಾನುವಾರ ರಾತ್ರಿ ನೀರು ತೂಬಿನ ಪಕ್ಕದ ಹೊಲದಲ್ಲಿರುತ್ತದೆ, ನಿಮ್ಮ ಕಡೆಯ ಕಾಲುವೆ ಆರು ದಿನ ಒಣಗಿ ಬಿರುಕು ಬಿಟ್ಟಿರುತ್ತದೆ. ಸೋಮವಾರ 6ಕ್ಕೆ ಗಡಿಯಾರ ನಿಮ್ಮ ಹೆಸರಿನಲ್ಲಿ ಓಡತೊಡಗುತ್ತದೆ, ನೀರು ಬರುವುದು ಪೌಣೆ ಎಂಟಕ್ಕೆ. ಅಲ್ಲಿಗೆ 7 ತಾಸಿನಲ್ಲಿ ಉಳಿದದ್ದು 5 ತಾಸು 15 ನಿಮಿಷ. ನಿಮಗೆ ಉಪಕಾರವೆಂದು ಮಾಡಿದ ಏರ್ಪಾಡೇ ನಿಮಗೆ ಹೆಚ್ಚು ನಷ್ಟ ಮಾಡುತ್ತಿದೆ.

‘ಕೊನೆಯವರಿಗೆ ಮೊದಲು’ ಎಂಬ ನಿಯಮ ತಪ್ಪೇನಲ್ಲ, ಅದರ ಜಾಗ ಬೇರೆ. ಹಂಗಾಮಿನ ಮೊದಲ ನೀರು ಬಿಟ್ಟಾಗ ವಿತರಣಾ ಕಾಲುವೆಯ ಕೊನೆಯ ತೂಬುಗಳಿಗೆ ನೀರು ಮುಟ್ಟಿಸಿ ಆಮೇಲೆ ಮೇಲಿನವನ್ನು ತೆರೆಯುವುದು ಒಳ್ಳೆಯ ಪದ್ಧತಿ. ಒಂದು ತೂಬಿನ ಕೆಳಗಿನ ಹೊಲಗಾಲುವೆಯಲ್ಲಿ, ತುಂಬುವ ಸಮಯ ಕಟ್ಟಿಕೊಡದೆ ಅದೇ ನಿಯಮ ಹಾಕಿದರೆ ಹೀಗಾಗುತ್ತದೆ.

ಈಗ ನೀರಿನ ಲೆಕ್ಕ. ಮೇಲ್ಭಾಗದ ಹೊಲಗಳಿಗೆ ಸರಾಸರಿ 27 ಲೀಟರ್ ಸಿಗುತ್ತದೆ ಎಂದಿಟ್ಟುಕೊಳ್ಳಿ. 1.75 ತಾಸಿಗೆ ಎಕರೆಗೆ 170 ಘನಮೀಟರ್ ಆಯಿತು. ನಿಮ್ಮಲ್ಲಿ 16 ಲೀಟರ್, 5.25 ತಾಸು, 4 ಎಕರೆ: ಎಕರೆಗೆ 76 ಘನಮೀಟರ್ ಕೂಡ ಇಲ್ಲ. ಮೇಲಿನವರ ಶೇ 44ರಷ್ಟು. ಎರಡು ಎಕರೆ ಮಾತ್ರ ನೆನೆಯುತ್ತದೆ ಎಂಬ ನಿಮ್ಮ ಮಾತಿಗೂ ಇದಕ್ಕೂ ಸರಿಯಾಗಿ ತಾಳೆಯಾಗುತ್ತದೆ.

12 ಲೀಟರ್ ಎಲ್ಲಿ ಹೋಯಿತು?

‘ಮಣ್ಣಿನ ಕಾಲುವೆ, ಇಂಗಿ ಹೋಗುತ್ತದೆ’ ಎನ್ನುವುದು ಎಲ್ಲರ ಬಾಯಲ್ಲೂ ಇರುವ ಉತ್ತರ. ಎರೆಯಲ್ಲಿ ಅದು ಅರೆ ಸತ್ಯ. ಜಿಗುಟು ಮಣ್ಣು ಒಮ್ಮೆ ನೆನೆದು ಉಬ್ಬಿತೆಂದರೆ ಬಿರುಕು ಮುಚ್ಚಿ ಇಂಗುವಿಕೆ ಬಹಳ ಕಡಿಮೆಯಾಗುತ್ತದೆ. ಇಂಥ ಮಣ್ಣಿನಲ್ಲಿ ನೀರು ತಾಗುವ ಪ್ರತಿ ಸಾವಿರ ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2 ಲೀಟರ್ ಇಂಗುತ್ತದೆ ಎಂದು ಅಂದಾಜು ಕಟ್ಟುತ್ತೇವೆ. ನಿಮ್ಮ ಕಾಲುವೆಯ ತಳ ಮತ್ತು ಬದಿ ಸೇರಿ ಒಂದು ಮೀಟರ್ ಅಗಲ ನೆನೆಯುತ್ತದೆ ಎಂದರೂ 1,400 ಚದರ ಮೀಟರಿಗೆ 3 ಲೀಟರ್ ಆದೀತು. ಉಳಿದ 9 ಲೀಟರ್ ಇಂಗಿದ್ದಲ್ಲ, ಸೋರಿದ್ದು.

ಸೋರುವುದು ಹೆಚ್ಚಾಗಿ ಮಡೆಗಳಲ್ಲಿ. 22 ಹೊಲಗಳಿಗೆ 22 ಮಡೆ. ಪ್ರತಿಯೊಂದನ್ನೂ ಮಣ್ಣು, ಕಲ್ಲು, ಹುಲ್ಲು ಹಾಕಿ ಮುಚ್ಚುತ್ತೀರಿ. ಒಂದೊಂದು ಮಡೆಯಿಂದ ಸೆಕೆಂಡಿಗೆ 0.3 ಲೀಟರ್ ಜಿನುಗಿದರೂ ಒಟ್ಟು 6.6 ಲೀಟರ್. 0.3 ಲೀಟರ್ ಅಂದರೆ ಒಂದು ಬಿಂದಿಗೆ ತುಂಬಲು ಮುಕ್ಕಾಲು ನಿಮಿಷ ಬೇಕು, ನೋಡಿದವರಿಗೆ ಅದೊಂದು ಸೋರಿಕೆ ಅನ್ನಿಸುವುದೇ ಇಲ್ಲ. ಇನ್ನುಳಿದದ್ದು ಏಡಿ ಗುದ್ದು, ಇಲಿ ಬಿಲ, ಎತ್ತು ಟ್ರ್ಯಾಕ್ಟರ್ ದಾಟಿ ತಗ್ಗಾದ ಒಡ್ಡು, ಜೊಂಡು ಬೆಳೆದು ನೀರು ಮೇಲೇರಿ ಚೆಲ್ಲುವ ಜಾಗ.

ಹುಡುಕುವ ಕ್ರಮ ಹೀಗೆ. ನಿಮ್ಮ ಪಾಳಿಯಲ್ಲಿ ನೀರು ಮಡೆಗೆ ಮುಟ್ಟಿ ಎರಡು ತಾಸು ಕಳೆದ ಮೇಲೆ, ಹರಿವು ಸ್ಥಿರವಾದಾಗ, ತೂಬಿನ ಬಳಿ, 500 ಮೀಟರ್, 1,000 ಮೀಟರ್ ಮತ್ತು ಕೊನೆಯಲ್ಲಿ ಅಳೆಯಿರಿ. ಎಲ್ಲಿ ಹೆಚ್ಚು ಇಳಿದಿದೆಯೋ ಆ ತುಂಡಿನಲ್ಲಿ ಒಡ್ಡಿನ ಹೊರಮಗ್ಗುಲಲ್ಲಿ ನಡೆದು ನೋಡಿ. ಕಾಲುವೆಯೊಳಗೆ ನೋಡಿದರೆ ಸೋರಿಕೆ ಕಾಣದು.

ಅಳೆಯುವುದಕ್ಕೆ ದೊಡ್ಡ ಸಾಧನವೇನೂ ಬೇಡ. ಕಾಲುವೆ ನೇರವಾಗಿರುವ 20 ಮೀಟರ್ ಗುರುತು ಮಾಡಿ, ಅರ್ಧ ನೀರು ತುಂಬಿದ ಸಣ್ಣ ಪ್ಲಾಸ್ಟಿಕ್ ಬಾಟಲಿ ತೇಲಿಬಿಟ್ಟು ಸಮಯ ನೋಡಿ. 50 ಸೆಕೆಂಡ್ ಹಿಡಿದರೆ ಮೇಲ್ಮೈ ವೇಗ ಸೆಕೆಂಡಿಗೆ 0.4 ಮೀಟರ್. ತಳದಲ್ಲಿ ನೀರು ನಿಧಾನ ಹರಿಯುವುದರಿಂದ ಇಂಥ ಚಿಕ್ಕ ಕಾಲುವೆಗೆ ಸುಮಾರು 0.7ರಿಂದ ಗುಣಿಸಬೇಕು, 0.28 ಬಂತು. ಸರಾಸರಿ ಅಗಲ 50 ಸೆಂ.ಮೀ., ಆಳ 20 ಸೆಂ.ಮೀ. ಇದ್ದರೆ 0.28 ಗುಣಿಸು 0.10, ಅಂದರೆ ಸೆಕೆಂಡಿಗೆ 28 ಲೀಟರ್, ಒಂದು ಕ್ಯೂಸೆಕ್. ಐದು ಸಲ ಬಿಟ್ಟು ಸರಾಸರಿ ತೆಗೆಯಿರಿ. ಗಾಳಿ ಇರುವಾಗ ಬೇಡ.

ಕಾಲುವೆಯಲ್ಲಿ ಒಂದು ಅಡಿಗಿಂತ ಹೆಚ್ಚಿನ ಜಿಗಿತ ಇರುವ ಜಾಗವಿದ್ದರೆ ಅಲ್ಲಿ 3 ಮಿ.ಮೀ. ಕಬ್ಬಿಣದ ತಗಡಿನಲ್ಲಿ 90 ಡಿಗ್ರಿಯ ‘ವಿ’ ಕತ್ತರಿಸಿ ನಿಲ್ಲಿಸುವುದು ಇನ್ನೂ ನಿಖರ. ತಗಡಿನಿಂದ ಒಂದು ಮೀಟರ್ ಮೇಲಕ್ಕೆ, ‘ವಿ’ಯ ತುದಿಯ ಮಟ್ಟದಿಂದ ನೀರು ಎಷ್ಟು ಎತ್ತರವಿದೆ ನೋಡಬೇಕು. 21 ಸೆಂ.ಮೀ. ಇದ್ದರೆ 28 ಲೀಟರ್, 18ಕ್ಕೆ 19, 16ಕ್ಕೆ 14, 10ಕ್ಕೆ 4.4 ಲೀಟರ್. ಐದು ಸೆಂಟಿಮೀಟರ್ ಇಳಿದರೆ ನೀರು ಅರ್ಧವಾಗಿಬಿಡುತ್ತದೆ ಎನ್ನುವುದನ್ನು ಗಮನಿಸಿ. ‘ಕಾಲುವೆ ತುಂಬಾ ನೀರಿದೆಯಲ್ಲ’ ಎಂದು ಕಣ್ಣಂದಾಜಿನಲ್ಲಿ ಹೇಳುವವರ ಮಾತನ್ನು ಈ ಕಾರಣಕ್ಕೇ ನಂಬಬಾರದು. ತಗಡಿನ ಕೆಳಗಿನ ನೀರು ‘ವಿ’ಯ ತುದಿಗಿಂತ ತಗ್ಗಿನಲ್ಲಿರಬೇಕು, ಇಲ್ಲದಿದ್ದರೆ ಅಳತೆ ಸುಳ್ಳು. ಸಪಾಟು ಕಾಲುವೆಯಲ್ಲಿ ಇದನ್ನು ನಿಲ್ಲಿಸಿದರೆ ಹಿಂದೆ ನೀರೇರಿ ಒಡ್ಡು ಒಡೆಯುತ್ತದೆ. ಅಲ್ಲಿ ಬಾಟಲಿಯೇ ಸಾಕು.

ದುರಸ್ತಿ ಮೊದಲು, ತಾಸು ಆಮೇಲೆ

ನ್ಯಾಯವಾಗಿ ಹಂಚಬೇಕೆಂದರೆ ಎಲ್ಲರಿಗೂ ಎಕರೆಗೆ ಒಂದೇ ಪ್ರಮಾಣದ ನೀರು ಬರಬೇಕು. ಆಗ ಹರಿವು ಕಡಿಮೆಯಿರುವಲ್ಲಿ ತಾಸು ಹೆಚ್ಚಬೇಕು. ಈಗಿರುವ ಸೋರಿಕೆಯೊಂದಿಗೆ (27, 22, 16 ಲೀಟರ್) ಈ ಲೆಕ್ಕ ಹಾಕಿದರೆ ಮೇಲಿನವರಿಗೆ ಎಕರೆಗೆ 1 ತಾಸು 20 ನಿಮಿಷ, ನಿಮಗೆ 2 ತಾಸು 15 ನಿಮಿಷ ಬರುತ್ತದೆ. ಮೇಲಿನವರು 25 ನಿಮಿಷ ಬಿಟ್ಟುಕೊಡಲು ಒಪ್ಪುವುದಿಲ್ಲ. ಒಪ್ಪಿದರೂ ಎರಡು ವಾರಕ್ಕೆ ಮುರಿಯುತ್ತಾರೆ. ಅದಕ್ಕೇ ಮೊದಲು ಸೋರಿಕೆ ಮುಚ್ಚಿ, ನಂತರ ತಾಸಿನ ಮಾತು ತೆಗೆಯಿರಿ.

ಸೋರಿಕೆಗೆ ಮಾಡಬೇಕಾದ್ದು ಇಷ್ಟು. ಪ್ರತಿ ಮಡೆಗೆ ಕಾಂಕ್ರೀಟ್ ಚೌಕಟ್ಟು ಕೂಡಿಸಿ, ಅದರ ಕೊರಕಲಿನಲ್ಲಿ ಮೇಲೆ ಕೆಳಗೆ ಜಾರುವ ತಗಡು, ಅಂಚಿಗೆ ಹಳೆಯ ಟ್ಯೂಬಿನ ರಬ್ಬರ್ ಪಟ್ಟಿ. ಚೌಕಟ್ಟನ್ನು ಒಡ್ಡಿನೊಳಕ್ಕೆ ಎರಡೂ ಕಡೆ ಒಂದೂವರೆ ಅಡಿ ಹೊಗಿಸಿ ಗರಸಿನಿಂದ ದಮ್ಮಸು ಮಾಡಿ. ಎರೆಮಣ್ಣನ್ನೇ ತುಂಬಿದರೆ ಅದು ಬಿರಿದು ಪಕ್ಕದಿಂದ ನೀರು ನುಗ್ಗುತ್ತದೆ. ಗುದ್ದುಗಳನ್ನು ಮೇಲೆ ಮುಚ್ಚುವುದು ವ್ಯರ್ಥ, ಅಗೆದು ಬಿಲದ ಕೊನೆಯವರೆಗೆ ತೆರೆದು ಒದ್ದೆ ಮಣ್ಣು ತುಂಬಿ ತುಳಿಯಬೇಕು. ಟ್ರ್ಯಾಕ್ಟರ್ ದಾಟುವಲ್ಲಿ ಹ್ಯೂಮ್ ಪೈಪು ಹಾಕಿ. ಹೂಳು ತೆಗೆಯುವಾಗ ಕೆಳಗಿನಿಂದ ಶುರು ಮಾಡಿ. ಮೇಲಿನಿಂದ ತೋಡುತ್ತ ಬಂದರೆ ತಳದ ಇಳಿಜಾರು ಕೆಟ್ಟು ನಡುವೆ ಗುಂಡಿ ಬಿದ್ದು ನೀರು ನಿಲ್ಲುತ್ತದೆ. ಹಾಗೆಯೇ ನೀರಿನ ಕೊಳವೆಯಿಂದ ಮಟ್ಟ ಹಿಡಿದು, ನಿಮ್ಮ ಮಡೆಯಲ್ಲಿ ಕಾಲುವೆಯ ನೀರು ಹೊಲದ ಮಟ್ಟಕ್ಕಿಂತ ಅರ್ಧ ಅಡಿಯಾದರೂ ಮೇಲಿದೆಯೇ ನೋಡಿ. ಇಲ್ಲದಿದ್ದರೆ ತಾಸು ಎಷ್ಟು ಕೊಟ್ಟರೂ ನೀರು ಹೊಲಕ್ಕೆ ಏರುವುದಿಲ್ಲ. ಆಗ ಹೊಲವನ್ನೇ ಮಟ್ಟ ಮಾಡಬೇಕಾಗುತ್ತದೆ.

ಇಷ್ಟಾದ ಮೇಲೆ ಕೊನೆಯಲ್ಲಿ 22 ಲೀಟರ್, ನಡುವೆ 25 ಸಿಕ್ಕಿತು ಎಂದುಕೊಳ್ಳೋಣ. ಪಾಳಿಯನ್ನು ಮೇಲಿನಿಂದ ಕೆಳಕ್ಕೆ ತಿರುಗಿಸಿ. ಆಗ ಕಾಲುವೆ ತುಂಬುವ ಸಮಯ ಒಬ್ಬರ ಮೇಲೆ ಬೀಳದೆ, ತಮ್ಮ ಹೊಲದ ಮುಂದಿನ ತುಂಡು ತುಂಬುವಷ್ಟು ಮಾತ್ರ ಪ್ರತಿಯೊಬ್ಬರಿಗೂ ಬರುತ್ತದೆ. ಕೊನೆಗೆ ತೂಬಿನ ಹತ್ತಿರದವರು ನೀರು ತಿರುಗಿಸಿಕೊಂಡ ಮೇಲೂ ಕಾಲುವೆಯಲ್ಲಿ ಉಳಿದ ನೀರು ನಿಮಗೇ ಹರಿದು ಬರುತ್ತದೆ. ಅದು ಸುಮಾರು ಅರ್ಧ ತಾಸಿನ ಪೂರ್ಣ ಹರಿವಿಗೆ ಸಮ ಎಂದು ಹಿಡಿಯಿರಿ. ಆದ್ದರಿಂದ ಹಂಚಬೇಕಾದ ತಾಸು: 168ರಲ್ಲಿ ತುಂಬುವ 1.75 ಕಳೆದು, ಬಸಿಯುವ 0.5 ಕೂಡಿಸಿ, 166.75.

ತೂಬಿನ 96 ಎಕರೆಯನ್ನು 32ರಂತೆ ಮೂರು ಭಾಗ ಮಾಡಿ. ಪ್ರತಿ ಭಾಗದ ಎಕರೆಯನ್ನು ಆ ಭಾಗದ ಹರಿವಿನಿಂದ ಭಾಗಿಸಿ: 32ನ್ನು 27, 25, 22ರಿಂದ ಭಾಗಿಸಿ ಕೂಡಿದರೆ 3.92. 166.75ನ್ನು 3.92ರಿಂದ ಭಾಗಿಸಿದರೆ 42.5. ಇದನ್ನು ಆಯಾ ಭಾಗದ ಹರಿವಿನಿಂದ ಭಾಗಿಸಿದಾಗ ಎಕರೆಗೆ ಬರುವ ತಾಸು: ಮೇಲ್ಭಾಗಕ್ಕೆ 1 ತಾಸು 34 ನಿಮಿಷ, ನಡುಭಾಗಕ್ಕೆ 1 ತಾಸು 42, ಕೊನೆಗೆ 1 ತಾಸು 56. ನಿಮ್ಮ 4 ಎಕರೆಗೆ 7 ತಾಸು 44 ನಿಮಿಷ. ಅದಕ್ಕೆ ನಿಮ್ಮ ಕೊನೆಯ 100 ಮೀಟರ್ ತುಂಬಲು 7 ನಿಮಿಷ ಕೂಡಿಸಿ, ಬಸಿದು ಬರುವ ನೀರಿಗೆ 30 ನಿಮಿಷ ಕಳೆದರೆ 7 ತಾಸು 21 ನಿಮಿಷ. ಪಟ್ಟಿಯಲ್ಲಿ ನಿಮಗೆ ಹೆಚ್ಚಿದ್ದು ಬರೀ 21 ನಿಮಿಷ. ಆದರೆ ಎಕರೆಗೆ ಸಿಗುವ ನೀರು 76ರಿಂದ 153 ಘನಮೀಟರಿಗೆ ಏರುತ್ತದೆ.

ಮೇಲಿನವರಿಗೆ ಇದರಲ್ಲಿ ನಷ್ಟವಿಲ್ಲ ಎಂದು ಹೇಳಲು ಹೋಗಬೇಡಿ. ಅವರದು 170ರಿಂದ 153ಕ್ಕೆ, ಶೇ 10ರಷ್ಟು ಇಳಿಯುತ್ತದೆ. ಅದನ್ನು ಮುಚ್ಚಿಟ್ಟರೆ ಮೊದಲ ವಾರವೇ ಗೊತ್ತಾಗಿ ಪಟ್ಟಿಯ ಮೇಲಿನ ನಂಬಿಕೆ ಹೋಗುತ್ತದೆ. ಒಪ್ಪದಿದ್ದರೆ ಮೊದಲ ಹಂಗಾಮಿಗೆ ವ್ಯತ್ಯಾಸದ ಅರ್ಧ ಮಾತ್ರ ತಿದ್ದಿಕೊಳ್ಳಿ. ಪಾಳಿಯ ದಿಕ್ಕು ಬದಲಿಸಿ ಸೋರಿಕೆ ನಿಲ್ಲಿಸಿದರೇ ನಿಮ್ಮ ಪಾಲಿನ ಹೆಚ್ಚಿನ ಲಾಭ ಬಂದಿರುತ್ತದೆ, ಅದಕ್ಕೆ ಯಾರ ತಾಸೂ ಬೇಕಿಲ್ಲ.

ಭತ್ತದ ವಿಷಯ

ಎಕರೆಗೆ ವಾರಕ್ಕೆ 153 ಘನಮೀಟರ್ ಅಂದರೆ ಹೊಲದ ಮೇಲೆ 38 ಮಿ.ಮೀ. ನೀರು, ದಿನಕ್ಕೆ ಸುಮಾರು ಐದೂವರೆ. ಹತ್ತಿ, ಜೋಳ, ಕಡಲೆ, ಮೆಣಸಿನಕಾಯಿಗೆ ಇದು ನಡೆಯುತ್ತದೆ. ಭತ್ತಕ್ಕೆ ಬೆಳೆ ಕುಡಿಯುವುದು ಮತ್ತು ಇಂಗುವುದು ಸೇರಿ ದಿನಕ್ಕೆ 8ರಿಂದ 10 ಮಿ.ಮೀ. ಬೇಕು. ಎಡದಂಡೆ ಕಾಲುವೆಯ ಬಹುಭಾಗವನ್ನು ಅರೆ ನೀರಾವರಿ (ಭತ್ತಕ್ಕಿಂತ ಕಡಿಮೆ ನೀರು ಬೇಡುವ) ಬೆಳೆಗಳಿಗೆಂದೇ ಗೊತ್ತುಪಡಿಸಿ ತೂಬುಗಳ ಅಳತೆ ಇಟ್ಟದ್ದು. ಮೇಲೆ ಗಂಗಾವತಿ ಕಡೆ ಭತ್ತ ಹಬ್ಬಿದ್ದರಿಂದ 227 ಕಿ.ಮೀ. ಉದ್ದದ ಕಾಲುವೆಯ ಕೊನೆಯ ಮಾನ್ವಿ, ರಾಯಚೂರು ಕಡೆಯವರು ವರ್ಷ ವರ್ಷ ನೀರಿಗಾಗಿ ರಸ್ತೆಗಿಳಿಯುವಂತಾಗಿದೆ. ನಿಮ್ಮ ತೂಬಿನ ಕೆಳಗೆ ನಡೆಯುತ್ತಿರುವುದೂ ಅದೇ, ಚಿಕ್ಕ ಪ್ರಮಾಣದಲ್ಲಿ.

ಭತ್ತ ಹಾಕಬೇಡಿ ಎಂದು ನೆರೆಯವರಿಗೆ ಹೇಳಿ ಗೆದ್ದವರನ್ನು ಕಾಣೆ. ಬದಲಿಗೆ, ಎಕರೆಗೆ ಇಷ್ಟು ತಾಸು, ಬೆಳೆ ಯಾವುದಾದರೂ ಅವರವರ ಇಷ್ಟ ಎಂದು ಬರೆದುಕೊಳ್ಳಿ. ಆಗ 4 ಎಕರೆ ಇದ್ದವರ ಪಾಲಿನ ನೀರಿಗೆ ಎರಡು ಎಕರೆ ಚಿಲ್ಲರೆ ಭತ್ತವಷ್ಟೇ ಆಗುತ್ತದೆ, ಉಳಿದದ್ದಕ್ಕೆ ಬೇರೆ ಬೆಳೆ ಅವರೇ ಯೋಚಿಸುತ್ತಾರೆ. ಪಾಳಿ ಅದಲುಬದಲು ಮಾಡಿಕೊಳ್ಳಲು ಬಿಡಿ, ಆದರೆ ಪುಸ್ತಕದಲ್ಲಿ ಬರೆಯಿಸಿ.

ಉಳಿದ ಮೂರು ಸಲಹೆಗಳು

ಪೈಪು ದೊಡ್ಡದು ಮಾಡುವುದು: ಬೇಡ. 6 ಇಂಚಿನ ಬದಲು 9 ಇಂಚು ಹಾಕಿದರೆ ಬಾಯಿ ಎರಡೂಕಾಲು ಪಟ್ಟು ಆಗುತ್ತದೆ. ನಿಮ್ಮ ಹೊಲಗಾಲುವೆ ಅಷ್ಟು ನೀರು ಹೊರದೆ ಮೇಲ್ಭಾಗದಲ್ಲೇ ಒಡೆಯುತ್ತದೆ, ಕೆಳಗಿನ ತೂಬಿನವರು ಒಣಗುತ್ತಾರೆ, ನಾಳೆ ನಿಮಗಿಂತ ಮೇಲಿನ ತೂಬಿನವರೂ ಅದನ್ನೇ ಮಾಡುತ್ತಾರೆ. ತೂಬು ತಿದ್ದುವುದು 1965ರ ಕರ್ನಾಟಕ ನೀರಾವರಿ ಕಾಯ್ದೆಯಡಿ ಅಪರಾಧ ಕೂಡ. ತೂಬಿನಲ್ಲೇ ಕಡಿಮೆ ಬರುತ್ತಿದ್ದರೆ ವಿತರಣಾ ಕಾಲುವೆಯ ನೀರಿನ ಮಟ್ಟ ನೋಡಿ: ತೂಬಿನ ಮೇಲಿನ ನೀರು 30ರಿಂದ 15 ಸೆಂ.ಮೀ.ಗೆ ಇಳಿದರೆ ಹರಿವು ಶೇ 70ಕ್ಕೆ ಇಳಿಯುತ್ತದೆ. ಗೋಡೆಗೆ ಸೆಂಟಿಮೀಟರ್ ಗುರುತು ಬರೆದು ದಿನಕ್ಕೆ ಎರಡು ಹೊತ್ತು ಮಟ್ಟ ಬರೆದಿಡಿ. ಇಲಾಖೆಯ ಎಂಜಿನಿಯರರ ಮುಂದೆ ಒಂದು ತಿಂಗಳ ಈ ಪಟ್ಟಿ ಇಟ್ಟರೆ ಅದು ನಡೆಯುವಷ್ಟು ಯಾವ ಮನವಿಪತ್ರವೂ ನಡೆಯುವುದಿಲ್ಲ.

ಕಾಂಕ್ರೀಟ್: ಎರೆಯ ಮೇಲೆ ನೇರ ಹಾಕಿದ ಕಾಂಕ್ರೀಟ್ ಎರಡು ಮೂರು ಬೇಸಿಗೆಯಲ್ಲಿ ಬಿರಿಯುತ್ತದೆ, ಏಕೆಂದರೆ ಕೆಳಗಿನ ಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗುತ್ತದೆ. ಎರೆಯನ್ನು ಒಂದು ಅಡಿಯಾದರೂ ತೆಗೆದು ಉಬ್ಬದ ಗರಸು ತುಂಬಿ ದಮ್ಮಸು ಮಾಡಿದ ಮೇಲೆ ಹಾಕಬೇಕು. ಎಷ್ಟು ದಪ್ಪ ಎನ್ನುವುದನ್ನು ಮಣ್ಣಿನ ಪರೀಕ್ಷೆ ಹೇಳುತ್ತದೆ. ಗುತ್ತಿಗೆಯಲ್ಲಿ ಈ ಗರಸಿನ ಪದರವನ್ನೇ ಮೊದಲು ಕಡಿತ ಮಾಡುತ್ತಾರೆ, ಆ ದಿನ ನಿಂತು ನೋಡಿ. ಹೊಲಗಾಲುವೆ ಕೆಲಸ ಬರುವುದು ಮುನಿರಾಬಾದಿನ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ವ್ಯಾಪ್ತಿಗೆ. ನೀರು ಬಳಕೆದಾರರ ಸಹಕಾರ ಸಂಘದ ಮೂಲಕ ಕೇಳಿದರೆ ಒಬ್ಬೊಬ್ಬರ ಅರ್ಜಿಗಿಂತ ತೂಕ ಹೆಚ್ಚು. 1,400 ಮೀಟರಿಗೂ ಹಣ ಬರದಿದ್ದರೆ ಅಳತೆಯಲ್ಲಿ ಹೆಚ್ಚು ಸೋರಿದ ತುಂಡಿಗೆ ಮಾತ್ರ ಕೇಳಿ.

ಪೈಪ್‌ಲೈನ್: ತುಂಬುವ ಸಮಯವೂ ಸೋರಿಕೆಯೂ ಬಹುತೇಕ ತಪ್ಪುತ್ತವೆ. ಸಮಸ್ಯೆ ಇಳಿಜಾರಿನದು. 28 ಲೀಟರ್ ನೀರು 200 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಹೋಗಲು ಕಿಲೋಮೀಟರಿಗೆ ಸುಮಾರು 3.9 ಮೀಟರ್ ಇಳಿಜಾರು ಬೇಕು, 250ಕ್ಕೆ 1.3 ಮೀಟರ್, 315ರ ಪೈಪಿಗೆ (ಒಳವ್ಯಾಸ ಸುಮಾರು 295) 0.6 ಮೀಟರ್. ಕಿಲೋಮೀಟರಿಗೆ ಒಂದು ಮೀಟರ್ ಇಳಿಯುವ ಸಪಾಟು ಎರೆಯಲ್ಲಿ 315ಕ್ಕಿಂತ ಚಿಕ್ಕದು ನಡೆಯುವುದಿಲ್ಲ. ಅಂಗಡಿಯವರು ಅಗ್ಗವೆಂದು 200 ಕೊಟ್ಟರೆ ಮೇಲಿನ ನೀರು ತೂಬಿನಲ್ಲೇ ಚೆಲ್ಲುತ್ತದೆ. ಇನ್ನೊಂದು ಕಡೆ, 315ರಲ್ಲಿ ವೇಗ ಸೆಕೆಂಡಿಗೆ 0.4 ಮೀಟರಿಗೆ ಇಳಿಯುವುದರಿಂದ ತುಂಗಭದ್ರೆಯ ಹೂಳು ಒಳಗೆ ಕೂಡುತ್ತದೆ. ಬಾಯಲ್ಲಿ ಹೂಳು ತಂಗುವ ತೊಟ್ಟಿ ಮತ್ತು ಜಾಲರಿ, ಕೊನೆಯಲ್ಲಿ ತೊಳೆದುಬಿಡುವ ವಾಲ್ವ್, ಏರುತಗ್ಗು ಇದ್ದಲ್ಲಿ ಗಾಳಿ ಹೋಗುವ ಕೊಳವೆ ಇಲ್ಲದ ಅಂದಾಜುಪಟ್ಟಿಗೆ ಸಹಿ ಹಾಕಬೇಡಿ.

ನಿಮ್ಮೊಬ್ಬರ ಕೈಯಲ್ಲಿರುವ ದಾರಿ ಕೃಷಿ ಹೊಂಡ. 18 ಮೀಟರ್ ಚೌಕ, 3 ಮೀಟರ್ ಆಳ, ಒಂದಕ್ಕೊಂದು ಇಳಿಜಾರಿನ ಹೊಂಡ ಸುಮಾರು 680 ಘನಮೀಟರ್ ಹಿಡಿಯುತ್ತದೆ; ನಿಮ್ಮ ಹೊಸ ಲೆಕ್ಕದ ಒಂದು ವಾರದ ಪಾಲು 612. ರಾತ್ರಿ ಪಾಳಿಯ ನೀರು ತುಂಬಿಕೊಂಡು ಹಗಲು ನಿಧಾನವಾಗಿ ಹಾಯಿಸಬಹುದು. ಒಡ್ಡು ಸೇರಿ ನಾಲ್ಕೈದು ಗುಂಟೆ ಜಮೀನು, ಎತ್ತಲು ಡೀಸೆಲ್ ಖರ್ಚು ಬರುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ಬಿದ್ದವರು ಮೇಲೆ ಹತ್ತಲಾಗುವುದಿಲ್ಲ. ಸುತ್ತ ಬೇಲಿ, ನಾಲ್ಕು ಕಡೆ ಗಂಟು ಹಾಕಿದ ಹಗ್ಗ ಇಳಿಬಿಡದೆ ನೀರು ತುಂಬಬೇಡಿ.

ಪಾಳಿಪುಸ್ತಕಕ್ಕೆ ಎರಡು ನಿಯಮ ಸೇರಿಸಿ. ಕಾಲುವೆ ನಡುವೆ ಬಂದ್ ಆದರೆ, ಮತ್ತೆ ನೀರು ಬಂದಾಗ ಪಾಳಿ ನಿಂತವರಿಂದಲೇ ಮುಂದುವರಿಯಬೇಕು. ಗಡಿಯಾರಕ್ಕೆ ಕಟ್ಟಿದ ವಾರಬಂದಿಯಲ್ಲಿ ತಪ್ಪಿದ ಪಾಳಿ ತಪ್ಪಿದಂತೆಯೇ. ನಿಮ್ಮಂತೆ ಬಂದ್ ಪದೇ ಪದೇ ಆಗುವ ಕಾಲುವೆಗೆ ಅದು ಹೊಂದುವುದಿಲ್ಲ. ಹೊಸದಾಗಿ ತುಂಬುವ ಸಮಯವನ್ನು ಆಗ ಎಲ್ಲರ ಲೆಕ್ಕಕ್ಕೆ ಹಾಕಿ. ಎರಡನೆಯದು, 168 ತಾಸಿನ ಸುತ್ತಿನಲ್ಲಿ ರಾತ್ರಿ ಪಾಳಿ ಯಾವಾಗಲೂ ಅದೇ ರೈತರಿಗೆ ಬೀಳುತ್ತದೆ. ಹಂಗಾಮಿನ ನಡುವೆ ಒಮ್ಮೆ ಪಟ್ಟಿಯನ್ನು 12 ತಾಸು ಮುಂದಕ್ಕೆ ತಳ್ಳಿ. ಪುಸ್ತಕ ಹಿಡಿಯುವ ನೀರುಗಂಟಿ ಆ ತೂಬಿನ ಕೆಳಗೆ ಜಮೀನಿಲ್ಲದವರಾಗಿದ್ದರೆ ಉತ್ತಮ. ಕೂಲಿಯನ್ನು ತಲೆಗೆ ಹಾಕದೆ ಎಕರೆಗೆ ಹಾಕಿ, ಹಂಗಾಮಿನ ಮೊದಲೇ ವಸೂಲಿ ಮಾಡಿ.